ನೂರೊಂದರ ನಾಮಪತ್ರ

ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು. ಅದು ಗುರುತಿನ ಚೀಟಿಯಲ್ಲಿ, ಮದುವೆಯ ದಾಖಲೆಯಲ್ಲಿ, ಮನೆ ಬಾಗಿಲಿನ ಹಲಗೆಯ ಮೇಲೆ ಭದ್ರವಾಗಿ ಕುಳಿತಿತ್ತು, ಬಳಕೆಗೆ ಬರುತ್ತಿರಲಿಲ್ಲ. ಬೀದಿಗೆಲ್ಲ ಅವನು ನೂರೊಂದು. ನೂರು ಹವ್ಯಾಸ ಕಂಕುಳಲ್ಲಿ ಇರುಕಿಕೊಂಡು ನೂರೊಂದನೆಯದಕ್ಕೆ ದಾರಿ ಕೇಳುವವನು ಎಂದು ಕ್ಷೌರದಂಗಡಿಯವನು ಎಂದೋ ಆಡಿದ ಮಾತು ಹೆಸರಾಗಿ ಅಂಟಿಕೊಂಡಿತ್ತು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಹುಟ್ಟಿದಂದಿನಿಂದ ಒಂದೇ ಕೆಲಸಕ್ಕೆ ಜೋತುಬಿದ್ದವರನ್ನು ಕಂಡರೆ ಅವನಿಗೇ ಒಳಗೊಳಗೆ ಕನಿಕರ.

ಮನೆ ಮೂರನೆಯ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಗಾಜು ಹಾಕಿ ಮುಚ್ಚಿದ ಬಾಲ್ಕನಿ. ಅವನ ಐವತ್ತೆರಡು ವರ್ಷಗಳ ಚರಿತ್ರೆ ಬೇಕಾದವರು ಆ ಮನೆಯನ್ನು ಒಂದು ಸುತ್ತು ಹಾಕಿದರೆ ಸಾಕಾಗಿತ್ತು. ಮಂಚದ ಕೆಳಗೆ, ಹಳೆಯ ಕಂಬಳಿಯಲ್ಲಿ ಸುತ್ತಿಟ್ಟ ಎರಡು ದಪ್ಪ ಗಾಜಿನ ಬಿಲ್ಲೆಗಳು. ದೂರದರ್ಶಕದ ಕನ್ನಡಿಯನ್ನು ಕೈಯಾರೆ ಮಾಡುತ್ತೇನೆಂದು ಹದಿನಾಲ್ಕು ತಿಂಗಳು ಒಂದರ ಮೇಲೊಂದನ್ನಿಟ್ಟು, ನಡುವೆ ಒರಟು ಪುಡಿ ಹಾಕಿ ಉಜ್ಜಿದ್ದ. ಕೆಳಗಿನ ಮನೆಯವರು ಸದ್ದಿನ ದೂರು ಕೊಟ್ಟರು, ಅದಕ್ಕೇ ನಿಲ್ಲಿಸಿದೆ ಎನ್ನುತ್ತಿದ್ದ. ನಿಜವೆಂದರೆ ಹೊಳಪು ಕೊಡುವ ಘಟ್ಟ ಬರುವ ಹೊತ್ತಿಗೆ ಯಾರೋ ಒಂದು ಹಳೆಯ ಅಕಾರ್ಡಿಯನ್ ಕೊಟ್ಟಿದ್ದರು. ಅಕಾರ್ಡಿಯನ್ ಎರಡು ಹಾಡುಗಳವರೆಗೆ ಬಂದು ಬೀರುವಿನ ಮೇಲೆ ಹತ್ತಿ ಕುಳಿತಿತ್ತು. ಬಾಲ್ಕನಿಯ ಜೇನುಪೆಟ್ಟಿಗೆಯ ಹುಳುಗಳು ಒಂದು ಬೆಳಗ್ಗೆ ಹೇಳದೆ ಕೇಳದೆ ಎದ್ದುಹೋಗಿದ್ದವು. ಈಗ ಅದರಲ್ಲಿ ಈರುಳ್ಳಿ ಇಡುತ್ತಿದ್ದರು. ಪುಸ್ತಕ ಕಟ್ಟುವ ಒತ್ತುಯಂತ್ರದ ಅಡಿಯಲ್ಲಿ ಅತ್ತೆ ತಮ್ಮ ಕರವಸ್ತ್ರಗಳನ್ನು ಇಸ್ತ್ರಿಗೆ ಬದಲಾಗಿ ಇಡುತ್ತಿದ್ದರು. ಹವ್ಯಾಸಕ್ಕೂ ಚಪಲಕ್ಕೂ ನಡುವಿನ ಗೆರೆ ಎಲ್ಲಿದೆ ಎಂದು ಕೇಳಿದರೆ ಅವನ ಹೆಂಡತಿ ಕೈತೋರಿಸಿ ಹೇಳಬಲ್ಲವಳಾಗಿದ್ದಳು.

ಹೆಂಡತಿ ಬೀದಿಯ ತಿರುವಿನ ಔಷಧಿ ಅಂಗಡಿಯಲ್ಲಿ ಔಷಧ ಕೊಡುವವಳು. ವೈದ್ಯರ ಅಕ್ಷರ ಓದಿ ಪಳಗಿದ ಕಣ್ಣು ಅವಳದು. ಗಂಡನ ಮುಖವನ್ನೂ ಅದೇ ಕಣ್ಣಿನಿಂದ ಓದುತ್ತಿದ್ದಳು. ಅವಳು ಹೆಚ್ಚು ಮಾತನಾಡುತ್ತಿರಲಿಲ್ಲ. ಆ ಕೊರತೆಯನ್ನು ಅವಳ ತಾಯಿ ತುಂಬಿಕೊಡುತ್ತಿದ್ದರು.

ಆಟದ ಮಾತು ಬೇರೆ. ಆಟವನ್ನು ಅವನು ಎಂದೂ ಅರ್ಧಕ್ಕೆ ಬಿಟ್ಟವನಲ್ಲ, ಏಕೆಂದರೆ ಆಟದಲ್ಲಿ ಎದುರಿಗೊಬ್ಬ ಮನುಷ್ಯ ಕುಳಿತಿರುತ್ತಾನೆ. ಪ್ರಾಯದಲ್ಲಿ ಟೇಬಲ್ ಟೆನಿಸ್ ಆಡಿ ಮೂರು ವರ್ಷ ಸತತವಾಗಿ ಜಿಲ್ಲೆಗೆ ಎರಡನೆಯವನಾದ. ಮೊಣಕಾಲು ಕೈಕೊಟ್ಟ ಮೇಲೆ ಚದುರಂಗಕ್ಕೆ ಬಂದ. ಕಂಪ್ಯೂಟರಿನಲ್ಲಿ ಕಂಡರಿಯದ ದೇಶಗಳವರ ಜೊತೆ ಆಡುತ್ತಿದ್ದ, ಶನಿವಾರಗಳಲ್ಲಿ ವಾರ್ಡಿನ ಆಟದ ಕೋಣೆಯಲ್ಲಿ ಕಂಡು ಬಲ್ಲವರ ಜೊತೆ. ಕಾಣದವರನ್ನು ಸೋಲಿಸುವುದು ಅವನಿಗೆ ಸುಲಭವಾಗಿತ್ತು.

ಅನ್ನ ಕೊಡುತ್ತಿದ್ದ ಕೆಲಸವೂ ಕಂಪ್ಯೂಟರಿನದೇ. ಮೊದಲು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ. ಮುದ್ರಣಾಲಯ ಮುಚ್ಚಿದಾಗ, ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವ ಕೆಲಸ ಹಿಡಿದ. ನ್ಯಾಯಾಲಯದ ವಿಚಾರಣೆ, ಆಸ್ಪತ್ರೆಯ ಸಭೆ, ಸಿಮೆಂಟಿನ ಮೇಲಿನ ಉಪನ್ಯಾಸ, ದೀಪಸ್ತಂಭ ಕಾಯುತ್ತಿದ್ದ ಮುದುಕನ ನೆನಪುಗಳು, ಎಲ್ಲವೂ ಎಲ್ಲಿಂದಲೋ ಬಂದು ಅವನ ಮೇಜಿನ ಮೇಲೆ ಇಳಿಯುತ್ತಿದ್ದವು. ಯಂತ್ರ ಮೊದಲು ಒಂದು ಕರಡು ಬರೆದಿಟ್ಟಿರುತ್ತಿತ್ತು. ಇವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಿನ ಪೆಡಲ್ ಒತ್ತಿ ಮಾತನ್ನು ಹಿಂದಕ್ಕೆ ಮುಂದಕ್ಕೆ ಓಡಿಸುತ್ತ, ಯಂತ್ರ ಕೇಳಿಸಿಕೊಳ್ಳದ್ದನ್ನು ತಿದ್ದಬೇಕು. ಆ ಕೆಲಸಕ್ಕೆ ನಿಯಮಗಳಿದ್ದವು. ಆಡಿದ್ದನ್ನೇ ಬರೆಯಬೇಕು, ಆಡಬೇಕಾಗಿದ್ದದ್ದನ್ನಲ್ಲ. ಕೆಮ್ಮು ಕೆಮ್ಮಾಗಿ, ನಗು ನಗುವಾಗಿ, ಚಪ್ಪಾಳೆ ಚಪ್ಪಾಳೆಯಾಗಿ ಕಂಸದೊಳಗೆ ಬರಬೇಕು. ಎಷ್ಟು ಕೇಳಿದರೂ ತಿಳಿಯದ ಕಡೆ ಊಹಿಸಬಾರದು. ‘ಅಸ್ಪಷ್ಟ’ ಎಂದು ಬರೆದು ಪಕ್ಕದಲ್ಲಿ ನಿಮಿಷ ಸೆಕೆಂಡು ಹಾಕಬೇಕು. ಹದಿನಾರು ವರ್ಷಗಳಲ್ಲಿ ತಪ್ಪಿಗಾಗಿ ಅವನ ಕಡತ ವಾಪಸು ಬಂದದ್ದು ನಾಲ್ಕು ಸಲ. ಆ ನಾಲ್ಕೂ ತಪ್ಪುಗಳು ಅವನಿಗೆ ಬಾಯಿಪಾಠವಾಗಿದ್ದವು. ಊಟಕ್ಕೆ ಕುಳಿತಾಗ ಅತ್ತೆ ಬಾಯಲ್ಲಿ ತುತ್ತಿಟ್ಟುಕೊಂಡು ಏನಾದರೂ ಹೇಳಿದರೆ ಅವನ ಎಡಗಾಲಿನ ಬೆರಳು ತಾನಾಗಿ ನೆಲವನ್ನು ಒತ್ತುತ್ತಿತ್ತು, ಮಾತನ್ನು ಹಿಂದಕ್ಕೆ ಓಡಿಸಲು.

ಈ ಕೆಲಸದ ಬಗ್ಗೆ ಅವನು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ. ಅದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ವಾರ್ಡಿನ ಆಟದ ಕೋಣೆ ನೀರಿನ ಬಿಲ್ ಕಟ್ಟುವ ಕಚೇರಿಯ ಮೇಲಿತ್ತು. ಎಂಟು ಚದುರಂಗದ ಮೇಜು, ಒಂದು ಟೇಬಲ್ ಟೆನಿಸ್ ಮೇಜು, ಗೋಡೆಗೆ ಒತ್ತಿ ವೃತ್ತಪತ್ರಿಕೆಗಳ ಬೆಂಚು. ಕಟ್ಟಡ ನಗರಸಭೆಯದು. ಅದನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದವಳು ಟಪಾಲಕ್ಕ. ಮೂವತ್ತೊಂದು ವರ್ಷ ಆ ಬೀದಿಗಳಲ್ಲಿ ಕಾಗದ ಹಂಚಿ, ನಿವೃತ್ತಳಾದ ಮೇಲೆ ಎರಡು ಸಲ ವಾರ್ಡಿನಿಂದ ಆರಿಸಿ ಬಂದಿದ್ದಳು. ಚದುರಂಗವನ್ನೂ ಆಕೆ ಟಪಾಲು ಹಂಚಿದಂತೆಯೇ ಆಡುತ್ತಿದ್ದಳು. ಪುಸ್ತಕದ ವಿದ್ಯೆಯಿಲ್ಲ, ಅವಸರವಿಲ್ಲ, ಒಂದು ಮನೆಯನ್ನೂ ಬಿಡುವುದಿಲ್ಲ.

ಆ ವರ್ಷದ ಪಂದ್ಯದ ಕೊನೆಯ ಸುತ್ತಿನಲ್ಲಿ ನೂರೊಂದು ಆಕೆಯ ಎದುರು ಕುಳಿತಿದ್ದ. ಹಿಂದಿನ ಮೂರು ವರ್ಷವೂ ಆಕೆಗೇ ಸೋತಿದ್ದ. ಈ ಸಲ ಆಟ ಅವನ ಕೈಯಲ್ಲಿತ್ತು. ಗೆದ್ದೆ ಎಂಬ ಉಮೇದಿನಲ್ಲಿ ಒಂಟೆಯನ್ನು ಎತ್ತಿದ. ಎತ್ತಿದ ಮೇಲೆ, ನಡೆಸಬೇಕಾಗಿದ್ದದ್ದು ಕುದುರೆ ಎಂದು ಕಂಡಿತು. ಒಂಟೆಯನ್ನು ಮೆತ್ತಗೆ ಇದ್ದಲ್ಲೇ ಇಟ್ಟ.

“ಮುಟ್ಟಿದೀಯ,” ಅಂದಳು ಟಪಾಲಕ್ಕ, ತಲೆ ಎತ್ತದೆ.

“ಸರಿಯಾಗಿ ಇಟ್ಟೆ ಅಷ್ಟೇ ಅಕ್ಕಾ, ವಾರೆಯಾಗಿತ್ತು.”

“ವಾರೆಯಾಗಿದ್ದದ್ದು ಒಂಟೆ ಅಲ್ಲ.”

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಅದು ಆಟದ ಕಟ್ಟಳೆ. ನಡೆಸಿದ. ಹನ್ನೊಂದು ನಡೆಗಳಲ್ಲಿ ಸೋತ.

ಸೋತವನು ಕೈಕುಲುಕಿ ಮನೆಗೆ ಹೋಗಬೇಕು. ಇವನು ಕುಳಿತು ಶಾಲೆಯ ಮುಂದಿನ ಕಾಲುದಾರಿಯ ಮಾತು ತೆಗೆದ. ಕಲ್ಲುಗಳು ಎದ್ದು ಆರು ತಿಂಗಳಾಯಿತು, ಮಕ್ಕಳು ರಸ್ತೆಗಿಳಿದು ನಡೆಯುತ್ತಿದ್ದಾರೆ, ವಾರ್ಡಿಗೆ ಯಾರೂ ದಿಕ್ಕಿಲ್ಲವೇ ಎಂದ. ಮಾತು ನಿಜವಾದದ್ದೇ. ಹೊತ್ತು ಮಾತ್ರ ತಪ್ಪು.

ಟಪಾಲಕ್ಕ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ ಹೇಳಿದಳು: “ಕುರ್ಚಿ ಅಷ್ಟು ಸಲೀಸು ಅಂತ ಕಂಡ್ರೆ ಮುಂದಿನ ತಿಂಗಳು ಎಲೆಕ್ಷನ್ ಇದೆಯಲ್ಲಪ್ಪ, ನೀನೇ ನಿಂತ್ಕೋ. ಯಾರು ಬೇಡ ಅಂದ್ರು? ನೂರೊಂದು ಇದ್ದದ್ದು ನೂರೆರಡಾಗುತ್ತೆ.”

ಎಂಟು ಮೇಜುಗಳೂ ನಕ್ಕವು. ಸೋಮವಾರ ಬೆಳಗ್ಗೆ ಹತ್ತೂವರೆಗೆ ಅವನು ಹತ್ತು ಜನರ ಸಹಿ ಹಾಕಿಸಿಕೊಂಡು ನಗರಸಭೆಗೆ ಹೋಗಿ ನಾಮಪತ್ರ ಸಲ್ಲಿಸಿ ಬಂದ.

ಕಣದಲ್ಲಿ ಮೂವರಾದರು. ಟಪಾಲಕ್ಕ, ನೂರೊಂದು, ಟೈರ್ ಅಂಗಡಿಯ ಮಾಲೀಕ. ಟೈರಿನವನು ಒಳಗೊಂದು ಹೊರಗೊಂದು ಇಟ್ಟುಕೊಂಡವನಲ್ಲ. ಗೆದ್ದರೆ ಆಟದ ಕೋಣೆಯ ಕಟ್ಟಡ ಕೆಡವಿಸಿ ವಾಹನ ನಿಲ್ಲಿಸುವ ಜಾಗ ಮಾಡಿಸುತ್ತೇನೆ ಎಂದು ಬಹಿರಂಗವಾಗಿ ಹೇಳುತ್ತಿದ್ದ. ಬೀದಿಯ ಎರಡೂ ಕಡೆ ಗಾಡಿಗಳು ನಿಂತು ಆಂಬುಲೆನ್ಸ್ ಒಳಗೆ ಬರಲಾಗದೆ ಹೋದದ್ದು ಎರಡು ಸಲ ಆಗಿತ್ತು; ಆದ್ದರಿಂದ ಅವನ ಮಾತನ್ನು ಕೇಳುವವರೂ ಇದ್ದರು. ಕಳೆದ ಸಲ ಟಪಾಲಕ್ಕ ಅವನನ್ನು ಸೋಲಿಸಿದ್ದು ಅರವತ್ತೆರಡು ಮತಗಳಿಂದ. ಆಟದ ಕೋಣೆಗೆ ಬಂದುಹೋಗುವ ಮತಗಳು ಸುಮಾರು ಇನ್ನೂರು. ಅದರಲ್ಲಿ ನೂರೊಂದು ಎಷ್ಟು ಕಿತ್ತುಕೊಂಡರೂ ಅಷ್ಟೂ ಟಪಾಲಕ್ಕನ ಬುಟ್ಟಿಯಿಂದಲೇ ಹೋಗಬೇಕು. ಈ ಲೆಕ್ಕ ಬೀದಿಯ ಎಲ್ಲರಿಗೂ ಬಂತು, ಅವನೊಬ್ಬನಿಗೆ ಬರಲಿಲ್ಲ. ಬಂದಿತ್ತೋ ಏನೋ, ಅದನ್ನು ಬೀರುವಿನ ಮೇಲೆ ಇಟ್ಟಿದ್ದ.

ನಾಮಪತ್ರ ಹಿಂತೆಗೆದುಕೊಳ್ಳಲು ಆ ವಾರದ ಶುಕ್ರವಾರ ಮಧ್ಯಾಹ್ನ ಮೂರು ಗಂಟೆಯವರೆಗೆ ಅವಕಾಶವಿತ್ತು.

“ವಾಪಸ್ ತಗೊಂಡ್ಬಿಡಿ,” ಅಂದಳು ಹೆಂಡತಿ, ಅಂಗಡಿಗೆ ಹೊರಡುತ್ತ ಚಪ್ಪಲಿ ಮೆಟ್ಟಿಕೊಳ್ಳುವಾಗ. “ಒಂದು ಅರ್ಜಿ, ಒಂದು ಸಹಿ. ಮುಗೀತು.”

“ಮುಟ್ಟಿದ ಕಾಯಿ ನಡೆಸಬೇಕು. ಇಡೀ ಕೋಣೆ ಎದುರಿಗೆ ಆಕೆ ನನಗೆ ಅದನ್ನೇ ತಾನೇ ಹೇಳಿದ್ದು?”

ಅವಳು ಒಂದು ಚಪ್ಪಲಿಯಲ್ಲೇ ನಿಂತು ಅವನನ್ನು ನೋಡಿದಳು. “ಮಂಚದ ಕೆಳಗಿರೋ ಗಾಜು ಮುಟ್ಟಿದ್ರಿ. ಅಕಾರ್ಡಿಯನ್ ಮುಟ್ಟಿದ್ರಿ. ಜೇನು ಮುಟ್ಟಿ ಕೈ ಊದಿಸ್ಕೊಂಡ್ರಿ. ಯಾವ ಕಾಯಿ ರೀ ನೀವು ಕೊನೇ ತನಕ ನಡೆಸಿದ್ದು?”

“ಅದು ಬೇರೆ.”

“ಬೇರೆಯೇ. ಅದರಲ್ಲಿ ನೋಡೋರು ಯಾರೂ ಇರಲಿಲ್ಲ.” ಅವಳು ಬಾಗಿಲು ಎಳೆದುಕೊಂಡು ಹೋದಳು.

ಕಿಟಕಿಯ ಪಕ್ಕದ ಕುರ್ಚಿಯಿಂದ ಅತ್ತೆ ಅಂದರು, “ಬಿಡೇ, ಅವರು ಹಿಡಿದ ಮೊಲಕ್ಕೆ ಮೂರೇ ಕಾಲು.” ಮಗಳು ಆಗಲೇ ಮೆಟ್ಟಿಲಿಳಿದಿದ್ದಳು. “ಅಳಿಯಂದಿರೇ, ಗೆದ್ರೆ ನಮ್ಮನೆ ನಲ್ಲಿಗೆ ನೀರು ಜೋರಾಗಿ ಬರುತ್ತಾ?”

“ಅದು ಟ್ಯಾಂಕಿನ ಎತ್ತರದ ಪ್ರಶ್ನೆ ಅತ್ತೆ, ರಾಜಕೀಯದ್ದಲ್ಲ.”

“ಹಾಗಾದ್ರೆ ಯಾಕೆ ನಿಂತಿದೀರಿ?” ಎಂದರು ಅತ್ತೆ. ಅದು ಕುಹಕವಲ್ಲ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದ್ದರು. ಅವನಿಗೆ ಅದೇ ಹೆಚ್ಚು ಚುಚ್ಚಿತು.

ಮಂಗಳವಾರ ಟೈರಿನವನೇ ಮೂರು ಮಹಡಿ ಹತ್ತಿ ಬಂದ. ಭಾರದ ಮನುಷ್ಯ, ಏದುಸಿರು ಬಿಡುತ್ತಿದ್ದ. ಕುಳಿತು ನೀರು ಕುಡಿದ, ಪುಸ್ತಕ ಕಟ್ಟುವ ಯಂತ್ರವನ್ನು ಮೆಚ್ಚಿ ನೋಡಿದ.

“ಅಣ್ಣಾ, ನಿಮ್ಮಂಥ ಓದಿದೋರು ಬರಬೇಕು ರಾಜಕೀಯಕ್ಕೆ. ಯಾರು ಏನಂದ್ರೂ ಹಿಂದೆ ಸರೀಬೇಡಿ. ನನ್ನ ಮೈಕು, ನನ್ನ ಆಟೋ, ಎರಡೂ ಸಂಜೆ ಹೊತ್ತು ಖಾಲಿ ಇರುತ್ತೆ. ನಿಮಗೆ ಬೇಕಾದ್ರೆ ಹೇಳಿ.”

ನೂರೊಂದಕ್ಕೆ ಎದೆ ಅರಳಿತು. ಎದುರಾಳಿಯಾದರೂ ಎಂಥ ದೊಡ್ಡ ಮನಸ್ಸು ಎಂದು ರಾತ್ರಿಯ ಊಟಕ್ಕೆ ಕುಳಿತಾಗ ವರ್ಣಿಸಿದ.

“ರೀ,” ಅಂದಳು ಹೆಂಡತಿ, “ಬೆಕ್ಕು ಮನೆಗೇ ಬಂದು ಬೆನ್ನು ತಟ್ಟಿಹೋದ್ರೆ ಏನರ್ಥ?”

“ನಾನು ಇಲಿಯೇನು?”

“ಅಲ್ಲ. ಇಲಿ ಟಪಾಲಕ್ಕ. ನೀವು ಬೋನಿನೊಳಗಿನ ರೊಟ್ಟಿ ತುಣುಕು.”

ಅತ್ತೆಗೆ ನಗು ಬಂದು ಕೆಮ್ಮು ಹತ್ತಿತು. ಅವನು ಅರ್ಧ ಊಟಕ್ಕೇ ಎದ್ದ.

ಬುಧವಾರ ಸಂಜೆ ಐದಕ್ಕೆ ಆಟದ ಕೋಣೆಯಲ್ಲೇ ವಾರ್ಡಿನವರ ಸಭೆ. ಮೂವರು ಅಭ್ಯರ್ಥಿಗಳಿಗೂ ತಲಾ ಹತ್ತು ನಿಮಿಷ. ಚದುರಂಗದ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿದ್ದರು. ಎಂಬತ್ತು ತೊಂಬತ್ತು ಜನ ಇದ್ದರು. ನೂರೊಂದು ತನ್ನ ಚಿಕ್ಕ ಧ್ವನಿಮುದ್ರಕವನ್ನು ಮುಂದಿನ ಮೇಜಿನ ಮೇಲಿಟ್ಟು ಗುಂಡಿ ಒತ್ತಿದ. ಅದು ರೂಢಿ, ಅಷ್ಟೇ. ನಾಲ್ಕು ಜನ ಸೇರಿ ಮಾತನಾಡುವಲ್ಲಿ ಗುಂಡಿ ಒತ್ತದೆ ಅವನಿಗೆ ಇರಲಾಗುತ್ತಿರಲಿಲ್ಲ. ಕೊನೆಯ ಸರದಿ ಅವನದು. ಕಾಗದವಿಲ್ಲದೆ ಮಾತನಾಡಿದ. ಜನ ಎರಡು ಸಲ ಜೋರಾಗಿ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ, ಮೊಣಕಾಲು ನೋಯಲಿಲ್ಲ.

ಗುರುವಾರ ಬೆಳಗ್ಗೆ ಕೆಲಸದ ಕಡತ ಯಾವುದೂ ಬಂದಿರಲಿಲ್ಲ. ಹೆಂಡತಿ ಅಂಗಡಿಗೆ ಹೋಗಿದ್ದಳು. ಅತ್ತೆ ಪದಬಂಧ ಬಿಡಿಸುತ್ತಿದ್ದರು. ನಿನ್ನೆಯ ಭಾಷಣದಿಂದ ನಾಲ್ಕು ಒಳ್ಳೆಯ ಸಾಲು ಹೆಕ್ಕಿ ಕರಪತ್ರ ಮಾಡೋಣ ಎಂದುಕೊಂಡು ಅವನು ಧ್ವನಿಮುದ್ರಣವನ್ನು ಯಂತ್ರಕ್ಕೆ ಕೊಟ್ಟ. ತನ್ನ ಹತ್ತು ನಿಮಿಷವನ್ನು ಮಾತ್ರ ತಿದ್ದಬಹುದಿತ್ತು. ಆದರೆ ಕಡತವನ್ನು ನಡುವಿನಿಂದ ಶುರುಮಾಡುವುದು ಅವನ ಕೆಲಸದಲ್ಲಿ ಇರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಪೆಡಲ್ ಮೇಲೆ ಕಾಲಿಟ್ಟು, ಮೊದಲಿನಿಂದ ಹಿಡಿದ.

ಮೊದಲು ಟಪಾಲಕ್ಕ. ಆಕೆಯ ವಾಕ್ಯಗಳು ವಿಳಾಸದಷ್ಟೇ ಚಿಕ್ಕವು. ಮೂರನೇ ಅಡ್ಡರಸ್ತೆಯ ಮೋರಿ, ಮಳೆಗಾಲಕ್ಕೆ ಮುಂಚೆ. ಆರನೇ ನಂಬರಿನ ದೀಪದ ಕಂಬ, ಎರಡು ಸಲ ಅರ್ಜಿ ಹಾಕಿದ್ದೇನೆ, ಮೂರನೆಯದನ್ನು ಹಾಕುತ್ತೇನೆ. ಶಾಲೆಯ ಮುಂದಿನ ಕಾಲುದಾರಿ, ತಪ್ಪು ನನ್ನದು, ಗುತ್ತಿಗೆದಾರನನ್ನು ನಂಬಿದೆ. ಈ ಮಾತಿಗೆ ಅವನ ಕಾಲು ಪೆಡಲ್ ಮೇಲೆ ನಿಂತಿತು. ಹಿಂದಕ್ಕೆ ಓಡಿಸಿ ಮತ್ತೆ ಕೇಳಿದ. ‘ತಪ್ಪು ನನ್ನದು’ ಎಂದೇ ಇತ್ತು. ನಿನ್ನೆ ಆಕೆ ಅದನ್ನು ಹೇಳುವಾಗ ಅವನು ತನ್ನ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಕುಳಿತಿದ್ದ.

ಟೈರಿನವನ ಹತ್ತು ನಿಮಿಷವೂ ಆಂಬುಲೆನ್ಸಿನದೇ. ಎರಡು ತಾರೀಖು ಹೇಳಿದ್ದ, ಎರಡು ಮನೆಯ ನಂಬರು ಹೇಳಿದ್ದ.

ಆಮೇಲೆ ತಾನು. ಯಂತ್ರ ಬರೆದದ್ದನ್ನು ನಿಯಮದಂತೆ ಒಂದೊಂದೇ ಶಬ್ದ ತಿದ್ದುತ್ತ ಹೋದ. ಪರದೆಯ ಮೇಲೆ ಹೀಗಿತ್ತು: ‘ನಾನು ಏನ್ ಹೇಳೋಕ್ಕೆ ಇಷ್ಟಪಡ್ತೀನಿ ಅಂದ್ರೆ, ಆಂ, ನಾನು ಜೀವನದಲ್ಲಿ ಎಲ್ಲಾ ನೋಡಿದೀನಿ, ನಾನು ಟೇಬಲ್ ಟೆನಿಸ್ ಆಡಿದೀನಿ, ನಾನು ಜೇನು ಸಾಕಿದೀನಿ, ಹಾಗಾಗಿ ನಾನು, ಆಂ, ವಾರ್ಡ್ ಅಂದ್ರೆ ಒಂದು ಜೇನುಗೂಡು ಇದ್ದ ಹಾಗೆ ಅಂತ ನಾನು’. ಚಪ್ಪಾಳೆ ಬಿತ್ತೆಂದು ಅವನು ನೆನಪಿಟ್ಟುಕೊಂಡಿದ್ದ ಜಾಗಕ್ಕೆ ಬಂದ. ಕೇಳಿದ. ಪೆಡಲ್ ಒತ್ತಿ ಇನ್ನೊಮ್ಮೆ ಕೇಳಿದ. ಕಂಸದೊಳಗೆ ‘ನಗು’ ಎಂದು ಬರೆದ. ಎರಡನೆಯ ಜಾಗದಲ್ಲಿ ಚಪ್ಪಾಳೆಯೇ ಇತ್ತು. ಅದಕ್ಕೆ ಮುಂಚೆ ಅಧ್ಯಕ್ಷತೆ ವಹಿಸಿದ್ದವರ ದನಿ, ‘ಇನ್ನೊಂದೇ ನಿಮಿಷ ಇದೆ’. ಅದನ್ನೂ ಬರೆದ.

ಬೇರೆ ಯಾರದ್ದಾದರೂ ಭಾಷಣವಾಗಿದ್ದರೆ ಅವನು ಇಷ್ಟು ಹೊತ್ತಿಗೆ ಮುಗಿಸಿ ಕಳಿಸುತ್ತಿದ್ದ. ತನ್ನ ಸರದಿ ಶುರುವಾದ ಆರು ನಿಮಿಷ ನಲವತ್ತು ಸೆಕೆಂಡಿಗೆ ಒಂದು ವಾಕ್ಯ ಇತ್ತು: ‘ನಾನು ಗೆದ್ದು ಬಂದ್ರೆ ಈ ವಾರ್ಡಿಗೆ ಮೊಟ್ಟಮೊದಲು ಮಾಡೋದು’. ಅದರ ತುದಿ ಕುರ್ಚಿ ಎಳೆದ ಸದ್ದಿನಲ್ಲಿ ಮುಳುಗಿಹೋಗಿತ್ತು. ಒಂಬತ್ತು ಸಲ ಕೇಳಿದ. ದನಿ ತನ್ನದು, ಬಾಯಿ ತನ್ನದು, ಹೇಳಿ ಇನ್ನೂ ಒಂದು ದಿನ ಆಗಿರಲಿಲ್ಲ. ಏನು ಹೇಳಿದ್ದೆನೆಂದು ನೆನಪಿಗೆ ಬರಲಿಲ್ಲ. ಕಾಲುದಾರಿ ಎಂದಿರಬಹುದೇ? ಹಾಗೆಂದು ಬರೆದರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಭಾಷಣದ ಹಿಂದೆ ಮುಂದೆ ಎಲ್ಲಿಯೂ ಕಾಲುದಾರಿಯ ಸುದ್ದಿಯೇ ಇರಲಿಲ್ಲ. ಮೋರಿ ಇರಲಿಲ್ಲ, ದೀಪ ಇರಲಿಲ್ಲ, ತಾನು ಮೂವತ್ತು ವರ್ಷದಿಂದ ಶನಿವಾರ ಶನಿವಾರ ಬಂದು ಕೂರುವ ಆ ಕೋಣೆಯ ಹೆಸರೂ ಇರಲಿಲ್ಲ.

‘ಅಸ್ಪಷ್ಟ, 6:40’ ಎಂದು ಬರೆದ.

ಕಡತ ಮುಗಿದ ಮೇಲೆ ಒಂದು ಶಬ್ದವನ್ನು ಎಣಿಸುವಂತೆ ಯಂತ್ರಕ್ಕೆ ಹೇಳಿದ. ಹತ್ತು ನಿಮಿಷದಲ್ಲಿ ‘ನಾನು’ ಐವತ್ತೇಳು ಸಲ ಬಂದಿತ್ತು. ಟಪಾಲಕ್ಕನದರಲ್ಲಿ ಆರು, ಅದರಲ್ಲಿ ಮೂರು, ತಪ್ಪು ಒಪ್ಪಿಕೊಂಡ ಕಡೆ.

ಅತ್ತೆ ಕನ್ನಡಕ ಸರಿಸಿ ಕೇಳಿದರು, “ಏನು ಅಷ್ಟೊಂದು ಹೊತ್ತು ಹಿಂದೆ ಮುಂದೆ ಹಿಂದೆ ಮುಂದೆ? ಯಾರದು ಮಾತು?”

“ಒಬ್ಬ ಅಭ್ಯರ್ಥಿಯದು.”

“ಏನಂತಾನೆ?”

“ಏನೂ ಅನ್ನೋದಿಲ್ಲ,” ಅಂದ ಅವನು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

ಸಂಜೆ ಹೆಂಡತಿ ಬಂದಾಗ ಮುದ್ರಿಸಿದ ಹಾಳೆಗಳನ್ನು ಅವಳ ಕೈಗೆ ಕೊಟ್ಟ. ಅವಳು ನಿಂತಲ್ಲೇ ಓದಿದಳು. ಓದಿ ಮಡಚಿ ವಾಪಸು ಕೊಟ್ಟಳು. ಅವಳು ಕೈ ತೊಳೆದುಕೊಂಡು ಚಹಾಕ್ಕೆ ನೀರಿಟ್ಟಳು. ಅಂಗಡಿಯಲ್ಲಿಯೂ ಹಾಗೆಯೇ, ಚೀಟಿ ಓದಿ ಔಷಧ ಕೊಡುವುದಷ್ಟೇ ಅವಳ ಕೆಲಸ, ರೋಗದ ಹೆಸರು ರೋಗಿಗೆ ಹೇಳುತ್ತಿರಲಿಲ್ಲ.

ಶುಕ್ರವಾರ ಎರಡೂಕಾಲಿಗೆ ಅವನು ನಗರಸಭೆಯ ಕಚೇರಿಯಲ್ಲಿದ್ದ. ಚುನಾವಣೆಯ ಕೋಣೆಯಲ್ಲಿ ಒಬ್ಬ ಗುಮಾಸ್ತ, ಎದುರಿಗೆ ಮೂರು ತಟ್ಟೆಗಳಲ್ಲಿ ಮೂರು ಬಣ್ಣದ ನಮೂನೆಗಳು. ಕೂರಲು ಕುರ್ಚಿಯಿತ್ತು, ಅವನು ಕೂರಲಿಲ್ಲ.

“ಹಿಂತೆಗೆತಾನಾ? ಇದನ್ನ ತುಂಬಿ.” ಗುಮಾಸ್ತ ಹಳದಿ ಹಾಳೆ ಕೊಟ್ಟ. “ಕಾರಣ ಬರೆಯೋ ಅಗತ್ಯ ಇಲ್ಲ. ಆದ್ರೆ ನಾನು ಕೇಳಬೇಕು, ನಿಯಮ. ಯಾರಾದ್ರೂ ಬೆದರಿಸಿದ್ರಾ?”

“ಇಲ್ಲ.”

“ಆಸೆ ಗೀಸೆ ತೋರಿಸಿದ್ರಾ?”

“ಇಲ್ಲ.”

“ಆರೋಗ್ಯ?”

“ಗಟ್ಟಿಯಾಗಿದೆ.”

ಗುಮಾಸ್ತ ಪೆನ್ನು ಕೆಳಗಿಟ್ಟ. “ಹಾಗಾದ್ರೆ ಮತ್ತೇನಾಯ್ತು ಸ್ವಾಮಿ?”

“ನನ್ನ ಭಾಷಣ ಓದಿದೆ.”

“ಎಲ್ರೂ ಹಾಗೆ ಓದ್ಕೊಂಡ್ರೆ ನಮ್ಮ ಇಲಾಖೆ ಮುಚ್ಚಬೇಕಾಗುತ್ತೆ,” ಎಂದು ಗುಮಾಸ್ತ ಮೊಹರು ಒತ್ತಿದ.

ಸುಲಭವಾಗಿ ಆಯಿತೆಂದು ಯಾರೂ ತಿಳಿಯಬಾರದು. ಸಹಿ ಹಾಕುವಾಗ ಅವನ ಕಿವಿ ಬಿಸಿಯಾಗಿತ್ತು. ಹತ್ತು ಜನ ಸೂಚಕರಿಗೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಸಂಜೆಯೊಳಗೆ ಕ್ಷೌರದಂಗಡಿಯಲ್ಲಿ ಸುದ್ದಿಯಾಗಿತ್ತು. ನೂರೊಂದು ಹೋಗಿ ನೂರಕ್ಕೆ ಇಳಿಯಿತು ಎಂದು ಅಲ್ಲಿ ಒಬ್ಬರು ಅಂದರಂತೆ. ಇಳಿದದ್ದಲ್ಲ, ಬೀರುವಿನ ಮೇಲೆ ಇನ್ನೊಂದು ಹತ್ತಿತು ಎಂದು ಇನ್ನೊಬ್ಬರು ಅಂದರಂತೆ. ಟೈರಿನವನು ರಸ್ತೆಯಲ್ಲಿ ಸಿಕ್ಕಾಗ ಮುಖ ತಿರುಗಿಸಿ ಹೋದ. ನಗೆಪಾಟಲಾಗುವುದರಿಂದ ಯಾರೂ ಸತ್ತಿಲ್ಲ, ಆದರೆ ಅದು ಒಂದು ವಾರ ಇರುತ್ತದೆ.

ಶನಿವಾರ ಆಟದ ಕೋಣೆಗೆ ಹೋಗದೆ ಇರಬಹುದಿತ್ತು. ಹೋದ. ಎಂಟು ಮೇಜುಗಳೂ ತಿರುಗಿ ನೋಡಿದವು. ಟಪಾಲಕ್ಕ ಪತ್ರಿಕೆಯ ಬೆಂಚಿನ ಮೇಲೆ ಒಬ್ಬಳೇ ಕುಳಿತಿದ್ದಳು. ಅವನು ಹಾಳೆಗಳನ್ನು ಆಕೆಯ ಪಕ್ಕ ಇಟ್ಟ.

“ಏನಿದು?”

“ಬುಧವಾರದ ಸಭೆ. ಮೂವರದೂ ಇದೆ. ನಿಮ್ಮದು ಮೊದಲನೇ ಎರಡೂವರೆ ಪುಟ.”

ಆಕೆ ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದು ಓದಿದಳು. ಟಪಾಲಿನವಳು, ಓದು ಚುರುಕು. ಕೊನೆಯವರೆಗೂ ಓದಿದಳು, ಅವನ ಪುಟಗಳನ್ನು ಕೂಡ. “ಇದೇನು, ‘ಕೆಮ್ಮು’?” ಎಂದಳು.

“ಕೆಮ್ಮಿದ್ರಿ.”

“ಅದನ್ನೂ ಬರೀತಾರಾ ಯಾರಾದ್ರೂ?”

“ನಾನು ಬರೀತೀನಿ. ಆ ಕೆಮ್ಮಿನ ಹಿಂದೆ ಒಂದು ಮಾತು ಹೋಗಿದೆ ನೋಡಿ ಅಕ್ಕಾ. ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಕಾಲುದಾರಿ ಯಾವ ತಿಂಗಳು ಮುಗಿಯುತ್ತೆ ಅಂತ ಹೇಳೋವಾಗಲೇ ಕೆಮ್ಮಿದೀರಿ.”

“ಅದು ಮೈಕಿನ ತಪ್ಪು.”

“ಮೈಕು ಕೆಮ್ಮೋದಿಲ್ಲ.”

ಹತ್ತಿರದ ಮೇಜಿನಲ್ಲಿ ಯಾರೋ ನಕ್ಕರು. ಟಪಾಲಕ್ಕ ಆ ಕಡೆ ಒಮ್ಮೆ ನೋಡಿದ್ದಕ್ಕೆ ನಗು ನಿಂತಿತು. ಆಕೆ ಹಾಳೆಯನ್ನು ಮತ್ತೆ ದೂರ ಹಿಡಿದು ಕೆಮ್ಮಿನ ಸಾಲನ್ನು ಹುಡುಕಿದಳು.

“ಸರಿ, ಯಾವ ತಿಂಗಳು ಅಂತ ಬರ್ಕೋತೀಯ? ನಿನ್ನ ಕೈಯಲ್ಲೇ ಪೆನ್ನು ಇದೆಯಲ್ಲ.”

“ಊಹಿಸಿ ಬರೆಯೋ ಹಾಗಿಲ್ಲ. ಈಗ ನೀವು ಹೇಳಿದ್ರೆ ಇವತ್ತಿನ ತಾರೀಖು ಹಾಕಿ ಕೆಳಗೆ ಬೇರೆಯಾಗಿ ಬರೀತೀನಿ.”

“ಬರೆದು?”

“ಕೆಳಗೆ ನೀರಿನ ಕಚೇರಿಯ ಹಲಗೆ ಮೇಲೆ ಹಾಕ್ತೀನಿ. ವಾರ್ಡಿನವರ ಗುಂಪು ಇದೆಯಲ್ಲ ಫೋನಿನಲ್ಲಿ, ಅದರಲ್ಲೂ. ಇದೊಂದೇ ಅಲ್ಲ, ಇನ್ನು ಮೇಲೆ ವಾರ್ಡಿನ ಪ್ರತಿ ಸಭೆಯದ್ದೂ. ಯಾರು ಗೆದ್ರೂ.”

“ಪ್ರತಿ ಸಭೆ! ನೀನು? ಎಷ್ಟು ದಿನ?”

ಅದು ನ್ಯಾಯವಾದ ಪ್ರಶ್ನೆ. ಆಣೆ ಪ್ರಮಾಣ ಮಾಡುವ ಮನುಷ್ಯನಾಗಿದ್ದರೆ ಅವನು ಅಲ್ಲಿ ಮಾಡುತ್ತಿದ್ದ. “ಹದಿನಾರು ವರ್ಷದಿಂದ ಇದನ್ನೇ ಮಾಡ್ತಿದೀನಿ ಅಕ್ಕಾ,” ಅಂದ. ಹೇಳಿದ ಮೇಲೆ ಅವನಿಗೇ ಸ್ವಲ್ಪ ಆಶ್ಚರ್ಯವಾಯಿತು.

ಟಪಾಲಕ್ಕ ನಿಟ್ಟುಸಿರು ಬಿಟ್ಟಳು. “ಸೋತ್ರೆ ಟೈರಿನವನ ಕಾಟ, ಗೆದ್ರೆ ನಿನ್ನ ಕಾಟ. ಬರ್ಕೋ. ಜೂನ್ ಕೊನೆ.” ಅವನು ಬರೆಯಲು ಬಗ್ಗಿದಾಗ ಆಕೆ ಬೇಗ ಸೇರಿಸಿದಳು, “ತಾಳು, ತಾಳು. ಆಗಸ್ಟ್ ಅಂತ ಹಾಕು.”

ಚುನಾವಣೆಯ ದಿನ ಅವನು ಸಾಲಿನಲ್ಲಿ ನಿಂತು ಮತ ಹಾಕಿ ಬಂದ. ಎಣಿಕೆ ಮುಗಿದಾಗ ಟಪಾಲಕ್ಕನಿಗೆ ಹತ್ತೊಂಬತ್ತು ಮತ ಹೆಚ್ಚಿತ್ತು. ಹಳೆಯ ಅರವತ್ತೆರಡು ಅಲ್ಲ. ಆಂಬುಲೆನ್ಸಿನ ಮಾತು ಬಹಳ ಜನರಿಗೆ ತಟ್ಟಿತ್ತು. ಹತ್ತೊಂಬತ್ತನ್ನು ಕೇಳಿದಾಗ ನೂರೊಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತುಬಿಟ್ಟ. ತಾನು ಕಣದಲ್ಲಿ ಉಳಿದಿದ್ದರೆ ಹತ್ತೊಂಬತ್ತು ಜನ ತನಗೆ ಹಾಕುತ್ತಿದ್ದರೇ ಎಂದು ಲೆಕ್ಕ ಹಾಕಿದ. ಹೆಂಡತಿಯ ಕಡೆಯ ನೆಂಟರೇ ಹನ್ನೆರಡು ಮಂದಿ ಇದ್ದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಟಪಾಲಕ್ಕ ಮನೆಗೆ ಬಂದಳು. ಮೂವತ್ತೊಂದು ವರ್ಷ ಆ ಕಟ್ಟಡದ ಕೆಳಗಿನ ಪೆಟ್ಟಿಗೆಗಳಿಗೆ ಕಾಗದ ಹಾಕಿದ್ದವಳು ಮೂರನೆಯ ಮಹಡಿಗೆ ಹತ್ತಿದ್ದು ಅದೇ ಮೊದಲು. ಅತ್ತೆ ಕುರ್ಚಿ ತೋರಿಸಿದರು. ಕೂರಲಿಲ್ಲ, ಧನ್ಯವಾದ ಹೇಳಲಿಲ್ಲ, ಸುತ್ತಮುತ್ತಲಿನ ಸಾಮಾನುಗಳನ್ನು ನೋಡಲಿಲ್ಲ.

“ನಾಡಿದ್ದು ಹತ್ತು ಗಂಟೆಗೆ ಮೊದಲನೇ ಸಭೆ,” ಅಂದಳು. “ಟೈರಿನವನೂ ಬರ್ತಾನೆ. ಗಾಡಿ ನಿಲ್ಲಿಸೋ ಜಾಗದ ವಿಷಯ ಮೊದಲು ತಗೊಳ್ತೀನಿ, ಅವನು ಹೇಳಿದ್ದು ಸುಳ್ಳಲ್ಲ. ನೀನು ಎಲ್ಲಿ ಕೂರ್ತೀಯ?”

“ಎಲ್ಲರ ಮಾತೂ ಕೇಳಿಸೋ ಕಡೆ.”

“ಹಾಗಾದ್ರೆ ಕಿಟಕಿ ಹತ್ತಿರ ಬೇಡ, ಅಲ್ಲಿ ಬಸ್ಸಿನ ಗಲಾಟೆ. ನನ್ನ ಎಡಗಡೆ ಒಂದು ಕುರ್ಚಿ ಹಾಕ್ಸಿದೀನಿ.” ಬಾಗಿಲವರೆಗೆ ಹೋಗಿ ನಿಂತಳು. “ಬಲಗಡೆ ಇದ್ದದ್ದನ್ನ ತೆಗೆಸಿದೆ. ಆ ಕಡೆ ಕಿವಿ ನನಗೆ ಸರಿಯಾಗಿ ಕೇಳಿಸಲ್ಲ.”